ಟೇಬಲ್ ಮಾಡಿದವನು ಕೆಲಸ ಬಿಟ್ಟ, ಈಗ ಒಂದು ಕಾಲಂ ಸೇರಿಸಲೂ ಆಗ್ತಿಲ್ಲ (ಪೋಸ್ಟ್‌ಜಿಐಎಸ್)

ಕೆರೆಕೋಡಿ: ನಮ್ಮದು ಕೋಲಾರ. ಕೆರೆ, ರಾಜಕಾಲುವೆ, ತೂಬು ಎಲ್ಲದರ ನಕ್ಷೆಯೂ ಒಂದೇ ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್‌ನಲ್ಲಿ ನಕ್ಷೆ ಇಡುವ ವ್ಯವಸ್ಥೆ) ಡೇಟಾಬೇಸಿನಲ್ಲಿದೆ. ಅದನ್ನು ಕಟ್ಟಿದ ಹುಡುಗ ಕೆಲಸ ಬಿಟ್ಟು ಹೋದ, ಟೇಬಲ್‌ಗಳೆಲ್ಲ ಅವನ ಲಾಗಿನ್ ಹೆಸರಲ್ಲೇ ಉಳಿದಿವೆ. ಕೆರೆ ಲೇಯರಿಗೆ ಹೂಳೆತ್ತಿದ ವರ್ಷದ ಕಾಲಂ ಸೇರಿಸಲು ಹೋದರೆ 'ಮಸ್ಟ್ ಬಿ ಓನರ್ ಆಫ್ ಟೇಬಲ್', ಅಂದರೆ ಟೇಬಲ್ ಮಾಲೀಕರೇ ಆಗಿರಬೇಕು ಅನ್ನುತ್ತದೆ. ನನಗೆ 'ಗ್ರ್ಯಾಂಟ್ ಆಲ್' (ಟೇಬಲ್ ಮೇಲಿನ ಎಲ್ಲ ಅನುಮತಿ) ಇದೆ, ಆದರೂ! ಅವನ ಲಾಗಿನ್ ತೆಗೆಯೋಣ ಅಂದರೆ ಅದಕ್ಕೂ ಎರರ್. 'ಡ್ರಾಪ್ ಓನ್ಡ್' ಅಂತ ಒಂದು ಕಮಾಂಡ್ ಸಿಕ್ಕಿದೆ, ಹಾಕಲಾ?

ಗುಬ್ಬಿಯವನು: ಅಯ್ಯೋ, ಹಾಕಬೇಡಿ ಸ್ವಾಮಿ! ಅವನ ಹೆಸರಲ್ಲಿರುವ ಟೇಬಲ್‌ಗಳೇ ಅಳಿಸಿ ಹೋಗುತ್ತವೆ. 'ಗ್ರ್ಯಾಂಟ್ ಆಲ್' ಅಂದರೆ ಉಳುಮೆ ನಿಮ್ಮದು, ಪಹಣಿಯಲ್ಲಿ ಹೆಸರು ಇನ್ನೂ ಅವನದೇ. ಕಾಲಂ ಸೇರಿಸೋದು, ಟೇಬಲ್ ಅಳಿಸೋದು ಓನರ್ ಕೆಲಸ.

ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಲಾಗಿನ್) ಆಗಿ 'ನಕ್ಷೆ_ಮಾಲೀಕ' ಅಂತ ಒಂದು ರೋಲ್, ಅಂದರೆ ಡೇಟಾಬೇಸ್ ಖಾತೆ ಮಾಡಿ, ಅದಕ್ಕೆ 'ನೋಲಾಗಿನ್' ಇರಲಿ, ಅಂದರೆ ಯಾರೂ ಆ ಹೆಸರಲ್ಲಿ ನೇರ ಒಳಗೆ ಬರೋಕಾಗಲ್ಲ, ಕೆಲಸ ಬಿಟ್ಟು ಹೋಗೋ ಪ್ರಶ್ನೆಯೂ ಇಲ್ಲ. 'ರೀಅಸೈನ್ ಓನ್ಡ್ ಬೈ' ಹಳೇ ಲಾಗಿನ್ 'ಟು' ನಕ್ಷೆ_ಮಾಲೀಕ ಅಂತ ಹಾಕಿ, ಅವನ ಟೇಬಲ್‌ಗಳು ಈ ಹೆಸರಿಗೆ ಬರುತ್ತವೆ. ನಿಮ್ಮನ್ನು ಆ ರೋಲಿನ ಸದಸ್ಯರಾಗಿ ಮಾಡಿಕೊಳ್ಳಿ. ಇದು ಆಯ್ತು ಅಂತ ಖಾತ್ರಿಯಾದ ಮೇಲಷ್ಟೇ 'ಡ್ರಾಪ್ ಓನ್ಡ್', ಆಗ ಅವನಿಗೆ ಕೊಟ್ಟಿದ್ದ ಅನುಮತಿಗಳು ಮಾತ್ರ ಹೋಗುತ್ತವೆ. ಕೊನೆಗೆ 'ಡ್ರಾಪ್ ರೋಲ್', ಅವನ ಲಾಗಿನ್ ಹೋಗುತ್ತೆ. ಒಂದೇ ಸರ್ವರಿನಲ್ಲಿ ನಾಲ್ಕು ಡೇಟಾಬೇಸ್ ಇದ್ದು, ನಾಲ್ಕರಲ್ಲೂ ಅವನ ಟೇಬಲ್ ಇದ್ದರೆ 'ಡ್ರಾಪ್ ರೋಲ್'ಗೂ ಮುಂಚೆ 'ರೀಅಸೈನ್', 'ಡ್ರಾಪ್ ಓನ್ಡ್' ಎರಡನ್ನೂ ನಾಲ್ಕು ಕಡೆಯೂ ಹಾಕಬೇಕು, ನಾನು ಇದನ್ನು ಮರೆತು ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ಕೆರೆಕೋಡಿ: ಕಾಲಂ ಬಂತು ಅಣ್ಣ! ಆದರೆ ನಿನ್ನೆ ನಕ್ಷೆ_ಮಾಲೀಕನ ಹೆಸರಲ್ಲಿ ಮಾಡಿದ ಹೊಸ ಟೇಬಲ್ ಸರ್ವೆ ಹುಡುಗರಿಗೆ ಕ್ಯೂಜಿಐಎಸ್‌ನಲ್ಲಿ (ನಕ್ಷೆ ನೋಡುವ, ತಿದ್ದುವ ಸಾಫ್ಟ್‌ವೇರ್) ತೆರೆಯುತ್ತಲೇ ಇಲ್ಲ. ಹೊಸ ಟೇಬಲ್‌ಗಳಿಗೆ ತಾನಾಗೇ ಅನುಮತಿ ಸಿಗಲಿ ಅಂತ 'ಡೀಫಾಲ್ಟ್ ಪ್ರಿವಿಲೇಜಸ್' ಹಾಕಿದ್ದೆನಲ್ಲ?

ಗುಬ್ಬಿಯವನು: ಯಾವ ಲಾಗಿನ್‌ನಲ್ಲಿ ಹಾಕಿದ್ರಿ? 'ಪೋಸ್ಟ್‌ಗ್ರೆಸ್' ಅನ್ನೋ ಸೂಪರ್‌ಯೂಸರ್ ಲಾಗಿನ್ ಅಲ್ವಾ?

ಕೆರೆಕೋಡಿ: ಹೂಂ.

ಗುಬ್ಬಿಯವನು: ಹಾಗಾದರೆ ಅದು 'ಪೋಸ್ಟ್‌ಗ್ರೆಸ್' ಮುಂದೆ ಮಾಡುವ ಟೇಬಲ್‌ಗಳಿಗೆ ಮಾತ್ರ. 'ಫಾರ್ ರೋಲ್ ನಕ್ಷೆ_ಮಾಲೀಕ' ಅಂತ ಸೇರಿಸಿ ಮತ್ತೆ ಹಾಕಿ. ಈಗಾಗಲೇ ಇರುವ ಟೇಬಲ್‌ಗೆ ಕೈಯಾರೆ ಗ್ರ್ಯಾಂಟ್ ಕೊಡಬೇಕು. ಇನ್ನೊಂದು, ನೀವು ಟೇಬಲ್ ಮಾಡುವ ಮುಂಚೆ ಪ್ರತಿ ಸಲ 'ಸೆಟ್ ರೋಲ್ ನಕ್ಷೆ_ಮಾಲೀಕ' ಅನ್ನಿ, ಇಲ್ಲಾಂದ್ರೆ ಅದು ನಿಮ್ಮ ಹೆಸರಿಗೆ ಕೂರುತ್ತೆ, ನಾಳೆ ನೀವು ಕೆಲಸ ಬಿಟ್ಟಾಗ ಇನ್ಯಾರೋ ಇಲ್ಲಿ ಬಂದು ಇದನ್ನೇ ಕೇಳ್ತಾರೆ.

ಕೆರೆಕೋಡಿ: ಲೇಯರ್ ತೆರೆಯಿತು. ಎಡಿಟ್ ಪೆನ್ಸಿಲ್ ಮಾತ್ರ ಮಂಕಾಗಿದೆ.

ಗುಬ್ಬಿಯವನು: ಬರೀ ಸೆಲೆಕ್ಟ್ (ಓದುವ ಅನುಮತಿ) ಕೊಟ್ಟಿರುತ್ತೀರಿ. ಇನ್ಸರ್ಟ್ (ಸೇರಿಸೋದು), ಅಪ್‌ಡೇಟ್ (ತಿದ್ದೋದು) ಕೂಡ ಕೊಡಿ. ಐಡಿ ಕಾಲಂ ಸೀರಿಯಲ್ (ತಾನಾಗೇ ಸಂಖ್ಯೆ ತುಂಬುವಂಥದ್ದು) ಆಗಿದ್ದರೆ, ಆ ಸಂಖ್ಯೆ ಕೊಡುವ ಸೀಕ್ವೆನ್ಸ್ ಮೇಲೆ 'ಯೂಸೇಜ್' ಅನುಮತಿ ಬೇಕು. ಡಿಲೀಟ್ ಸದ್ಯಕ್ಕೆ ಬೇಡ, ಒಬ್ಬ ಕೈ ತಪ್ಪಿದರೆ ಕೆರೆಯೇ ಮಾಯ.

ಕೆರೆಕೋಡಿ: ಪೆನ್ಸಿಲ್ ಬಂತು. ಡಿಲೀಟ್ ಕೊಟ್ಟಿಲ್ಲ.