‘ಆರತಿಗೊಬ್ಬಳು, ಕೀರ್ತಿಗೊಬ್ಬ’: ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು?

ಪ್ರಶ್ನೆ: ಅರ್ಕಾವತ್ತು

ಕಳೆದ ತಿಂಗಳು ನನ್ನ ತಂಗಿಗೆ ಎರಡನೇ ಮಗು ಹುಟ್ಟಿತು. ಇದೂ ಹೆಣ್ಣು. ಬಾಣಂತಿ ನೋಡಲು ಹೋದವಳು ಸುಮ್ನೆ ಇರಬಾರದಾ? ತೊಟ್ಟಿಲ ಪಕ್ಕ ನಿಂತು, "ಆರತಿಗೆ ಇಬ್ಬರಾದರು, ಕೀರ್ತಿಗೊಬ್ಬ ಬೇಕಿತ್ತು ಅಲ್ವಾ" ಅಂದುಬಿಟ್ಟೆ. ತಂಗಿ ಗೋಡೆ ಕಡೆ ತಿರುಗಿ ಮಲಗಿದಳು. ಅಮ್ಮ ನನ್ನ ತೋಳು ಚಿವುಟಿದರು.

ನನಗಿರುವುದು ಒಬ್ಬಳೇ ಮಗಳು. ಗಂಡು ಬೇಕಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ಮತ್ತೆ ಆ ಮಾತು ಎಲ್ಲಿತ್ತು?

ರಾತ್ರಿ ನೆನಪಾಯಿತು. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಂಪೌಂಡ್ ಗೋಡೆ. ಹಳದಿ ಬಣ್ಣ, ಕುಟುಂಬ ಯೋಜನೆಯ ತಲೆಕೆಳಗಾದ ಕೆಂಪು ತ್ರಿಕೋನ, ನಗುವ ನಾಲ್ಕು ಮುಖ. ಕೆಳಗೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಬಸ್ಸಿಗೆ ಕಾಯುವಾಗ ಅಕ್ಷರ ಕೂಡಿಸಿ ಓದುತ್ತಿದ್ದೆ. ‘ಕೀರ್ತಿ’ಯಲ್ಲಿ ತಡವರಿಸುತ್ತಿದ್ದೆ. ಅರ್ಕಾವತ್ತು ಕಲಿತದ್ದೇ ಆ ಗೋಡೆಯಿಂದ.

ಎರಡು ಸಾಕು ಅನ್ನುವುದು ಒಳ್ಳೆಯದೇ. ನಮ್ಮಜ್ಜಿ ಒಂಬತ್ತು ಹೆತ್ತು ಐದು ಉಳಿಸಿಕೊಂಡವರು. ಆದರೆ ಅದರ ಜೊತೆ ಇನ್ನೊಂದು ಮಾತೂ ಒಳಗೆ ಬಂದು ಕೂತಿತಲ್ಲ? ನಿಮಗೂ ಹೀಗೆ ಆಗಿದೆಯಾ?

ಉತ್ತರ 1: ನಿವೃತ್ತ ಸಿಸ್ಟರ್

ಆ ಗೋಡೆ ಬರೆಸಿದವರ ಪೈಕಿ ನಾನೂ ಒಬ್ಬಳು ಅಂದುಕೊಳ್ಳಿ. ಕಿರಿಯ ಆರೋಗ್ಯ ಸಹಾಯಕಿಯಾಗಿ ಮೂವತ್ತು ವರ್ಷ ಹಳ್ಳಿ ತಿರುಗಿದ್ದೇನೆ. ಮಕ್ಕಳಾಗದಂತೆ ಮಾಡುವ ಆಪರೇಷನ್‌ಗೆ ಇಷ್ಟು ‘ಕೇಸ್’ ತರಲೇಬೇಕು ಅಂತ ಟಾರ್ಗೆಟ್ ಇತ್ತು. 1996ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಕಾಗದದ ಮೇಲೆ ಅಂತ ಸೇರಿಸಿಬಿಡುತ್ತೇನೆ.

ಆ ಬರಹ ನಮಗೇ ತಿರುಗಿ ಬೀಳುತ್ತಿತ್ತು ನೋಡಿ. ಎರಡು ಹೆಣ್ಣಾದ ಮನೆಗೆ ಹೋಗಿ ಆಪರೇಷನ್ ಮಾತೆತ್ತಿದರೆ, "ಸಿಸ್ಟರೇ, ನೀವೇ ಬರೆಸಿದ್ದೀರಲ್ಲ, ಕೀರ್ತಿಗೊಬ್ಬ ಅಂತ. ಅವನೊಬ್ಬ ಆಗಲಿ, ಆಮೇಲೆ ನಾನೇ ಬರ್ತೀನಿ" ಅನ್ನುತ್ತಿದ್ದರು. ಮೂರು, ನಾಲ್ಕು, ಐದೂ ಆದದ್ದಿದೆ.

ಉತ್ತರ 2: ಬಲೂನು

ನಮ್ಮ ಕಡೆ ‘ನಾವಿಬ್ಬರು, ನಮಗಿಬ್ಬರು’ ಇತ್ತು. ನಿರೋಧ್ ಕಾಂಡೋಮಿನ ಜಾಹೀರಾತೂ ಇತ್ತು. ನಾವು ಆ ಕಾಂಡೋಮನ್ನೇ ಊದಿ ಬಲೂನು ಆಡಿ ಒದೆ ತಿಂದವರು, ಅದು ಬಿಡಿ.

ಗಂಡಸರ ವಿಷಯ ಹೇಳಬೇಕು. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು. ಅದರಲ್ಲಿ 60 ಲಕ್ಷಕ್ಕೂ ಜಾಸ್ತಿ ಗಂಡಸರದು. ಉತ್ತರ ಭಾರತದಲ್ಲಿ ಜನರನ್ನು ಎಳೆದೊಯ್ದು ಮಾಡಿಸಿದರು. ಆ ಭಯ ಬಾಯಿಂದ ಬಾಯಿಗೆ ಹರಡಿತು. 1977ರಲ್ಲಿ ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಅಂತ ಹೆಸರೇ ಬದಲಾಯಿತು. ಆದರೂ ‘ಗಂಡಸು ಮಾಡಿಸಿಕೊಂಡರೆ ಶಕ್ತಿ ಹೋಗುತ್ತೆ’ ಅನ್ನುವ ಮಾತನ್ನು ಯಾರಿಗೂ ಅಳಿಸಲಾಗಲಿಲ್ಲ. ಅದನ್ನು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಆದವರು ನೂರಕ್ಕೆ 37.9. ಗಂಡಂದಿರು 0.3.

ಉತ್ತರ 3: ತಕರಾರು

ಗೋಡೆಗೆ ಇಷ್ಟೊಂದು ಬೈಯಬೇಡಿ. ಗಂಡು ಬೇಕು ಅನ್ನುವ ಹುಚ್ಚು ಗೋಡೆಗಿಂತ ಹಳೆಯದು. ಇಲಾಖೆಯವರು ಜನರ ಬಾಯಲ್ಲಿದ್ದದ್ದನ್ನೇ ಬರೆದರು, ಅದಕ್ಕೇ ಅದು ನಿಂತಿತು. ‘ಆರತಿಗೊಬ್ಬಳು’ ಅಂತಲೂ ಬರೆದರಲ್ಲ, ಮಗಳೂ ಬೇಕು ಅಂತಾಯಿತಲ್ಲ. ಇನ್ನು ಮಕ್ಕಳು ಕಡಿಮೆಯಾದದ್ದಕ್ಕೆ ಹುಡುಗಿಯರು ಶಾಲೆಗೆ ಹೋದದ್ದೂ, ಹುಟ್ಟಿದ ಕೂಸು ಸಾಯುವುದು ಕಡಿಮೆಯಾದದ್ದೂ ಕಾರಣ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ 1.7, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ.

ಅರ್ಕಾವತ್ತು

ತಕರಾರಿನವರೇ, ಆರತಿ ಹಿಡಿಯುವುದಕ್ಕೆ ಮಾತ್ರ ಬೇಕಾದ ಮಗಳು ಅಂದರೆ ನನಗೆ ಅಷ್ಟೇನೂ ಖುಷಿಯಾಗಲಿಲ್ಲ! ಸಿಸ್ಟರ್, ಒಂದು ಕೇಳಲಾ? ‘ನೀವೇ ಬರೆಸಿದ್ದೀರಲ್ಲ’ ಅಂದವರಿಗೆ ಏನು ಹೇಳುತ್ತಿದ್ದಿರಿ?

ನಿವೃತ್ತ ಸಿಸ್ಟರ್

ಏನೂ ಇಲ್ಲಮ್ಮ. ಕೊಟ್ಟ ಕಾಫಿ ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದೆ. ತಿಂಗಳ ಕೊನೆಯ ಮೀಟಿಂಗ್ ಹತ್ತಿರ ಬಂದಿರುತ್ತಿತ್ತು.