ಸವಿತಾ, ಮಂಜನ ಕೆಮ್ಮಿನ ವಿಷಯ

ಸವಿತಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ಮಂಜನಿಗೆ ಮೂರು ವಾರದಿಂದ ಒಣಕೆಮ್ಮು, ಅಡುಗೆಮನೆ ಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಕೊಯ್ಯೋ ಧೂಳಿಂದ ಇರಬಹುದಾ, ಏನು ಮಾಡಲಿ ಅಂತ ಕೇಳಿದ್ದೀಯ. ಇರಬಹುದು. ಮೊದಲು ಅವನಿಗೆ ಇದೊಂದು ಹೇಳು: ನೀರು ಬೀಳದೆ ಬ್ಲೇಡು ಕಲ್ಲಿಗೆ ತಾಕಬಾರದು.

ನಮ್ಮ ಶಿವಣ್ಣ ಏನಾದ ಅಂತ ನಿಮಗೆಲ್ಲ ಗೊತ್ತು. ಜಿಗಣಿಯಲ್ಲಿ ಗ್ರಾನೈಟ್ ಅಂಚು ಉಜ್ಜೋ ಕೆಲಸ. ಸಂಜೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಹಿತ್ತಲಲ್ಲಿ ಶರಟು ಕೊಡವಿದರೆ ಒಗೆಯೋ ಕಲ್ಲಿನ ಮೇಲೆ ಪುಡಿ ಕೂರುತ್ತಿತ್ತು. ಆದರೆ ಅವನನ್ನು ತಿಂದಿದ್ದು ಆ ಪುಡಿ ಅಲ್ಲ, ಅದು ಹೆಚ್ಚುಪಾಲು ಮೂಗು ಗಂಟಲಲ್ಲೇ ನಿಲ್ಲುತ್ತೆ. ಐದು ಮೈಕ್ರಾನಿಗಿಂತ ಸಣ್ಣದು, ಕಣ್ಣಿಗೆ ಕಾಣದ್ದು, ಶ್ವಾಸಕೋಶದ ತಳಕ್ಕೆ ಹೋಗಿ ಗಂಟು ಕಟ್ಟುತ್ತೆ. ಅದೇ ಸಿಲಿಕೋಸಿಸ್. ಕಟ್ಟಿದ ಗಂಟು ಕರಗಲ್ಲ, ಕೆಲಸ ಬಿಟ್ಟ ಮೇಲೂ ಬೆಳೀಬಹುದು. ಶಿವಣ್ಣನಿಗೆ ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು; ಕೊನೆಕೊನೆಗೆ ಬಚ್ಚಲಿಗೆ ಹೋಗೋಕೂ ನಡುವೆ ಗೋಡೆ ಹಿಡಿದು ನಿಲ್ಲಬೇಕಿತ್ತು.

ಮಂಜನ ಕಲ್ಲು ಇನ್ನೂ ಕೆಟ್ಟದು. ಈ ಕಾಯಿಲೆ ತರೋದು ಕಲ್ಲಲ್ಲಿರೋ ಸಿಲಿಕಾ ಅನ್ನೋ ಖನಿಜ. ಗ್ರಾನೈಟಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು. ಕ್ವಾರ್ಟ್ಜ್ ಸ್ಲ್ಯಾಬ್ ಅಂದರೆ ಕಲ್ಲುಪುಡಿಗೆ ರಾಳ ಸೇರಿಸಿ ಒತ್ತಿದ್ದು, ನೂರಕ್ಕೆ 90ಕ್ಕೂ ಮೇಲೆ ಸಿಲಿಕಾ ಇರಬಹುದು. ಗ್ರಾನೈಟಲ್ಲಿ ಹತ್ತಿಪ್ಪತ್ತು ವರ್ಷಕ್ಕೆ ಬರೋ ಕಾಯಿಲೆ ಇದರಲ್ಲಿ ಕೆಲವೇ ವರ್ಷಕ್ಕೆ ಬಂದಿದೆ. ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಇದನ್ನು ನಿಷೇಧಿಸೇ ಬಿಟ್ಟರು. ಅದಕ್ಕೇ ಮತ್ತೆ ಹೇಳ್ತೀನಿ, ನೀರು ಬೀಳದೆ ಬ್ಲೇಡು ಕಲ್ಲಿಗೆ ತಾಕಬಾರದು. ಸಿಂಕಿಗೆ ತೂತು ಕೊಯ್ಯೋದು ಐದು ನಿಮಿಷದ ಕೆಲಸ ಅಂತ ಗ್ರಾಹಕರ ಮನೇಲಿ ಒಣಗಲ್ಲಿಗೇ ಗ್ರೈಂಡರ್ ಹಿಡೀತಾರೆ, ಅದೂ ಬೇಡ.

ಶಿವಣ್ಣನ ಕಫದಲ್ಲಿ ಟಿಬಿ ಕಾಣಲಿಲ್ಲ. ಆದರೂ ಎಕ್ಸ್‌ರೇಯ ಮೇಲ್ಭಾಗದಲ್ಲಿ ಚುಕ್ಕೆ ನೋಡಿ ಎರಡು ಸಲ ಟಿಬಿ ಮಾತ್ರೆ ನುಂಗಿಸಿದರು. ಏನು ಕೆಲಸಪ್ಪ ಅಂತ ಒಬ್ಬರೂ ಕೇಳಲಿಲ್ಲ. ಸಂಬಳ ಕೈಗೆ ಕೊಡ್ತಿದ್ದ ಮಾಲೀಕ, ಕೊನೆಗೆ ಆ ಹೆಸರಿನವರು ನಮ್ಮಲ್ಲಿ ಇರಲೇ ಇಲ್ಲ ಅಂದ. ಪರಿಹಾರ ಬಿಡು, ಒಂದು ಚೀಟಿ ಸಿಗಲಿಲ್ಲ. ನಮ್ಮ ನೆಂಟರೇ ಬೀಡಿಯಿಂದ ಬಂತು ಅಂದರಲ್ಲ, ಅದು ನನಗೆ ಇವತ್ತಿಗೂ ಸಂಕಟ. ಬೀಡಿ ಸೇದಿದರೆ ಶ್ವಾಸಕೋಶ ಇನ್ನಷ್ಟು ಹಾಳಾಗುತ್ತೆ, ನಿಜ. ಆದರೆ ಸಿಲಿಕೋಸಿಸ್ ಬರೋದು ಕಲ್ಲಿನ ಧೂಳಿಂದಲೇ.

ಅಯ್ಯೋ, ನೀನು ಕೇಳಿದ್ದು ಏನು ಮಾಡೋದು ಅಂತ. ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು. ಕಫ ಪರೀಕ್ಷೆ ಅಲ್ಲಿ ಬಿಟ್ಟಿ. ಸಿಲಿಕಾ ಧೂಳು ಎದೆಗೆ ಹೋದವರಿಗೆ ಟಿಬಿಯೂ ಬೇಗ ಹತ್ತುತ್ತೆ, ಬಿಡಬೇಡ. ಎದೆಯ ಎಕ್ಸ್‌ರೇ, ಊದಿಸಿ ನೋಡೋ ಪರೀಕ್ಷೆ ಎರಡೂ ಆಗಲಿ. ಕ್ವಾರ್ಟ್ಜ್ ಕೊಯ್ಯೋ ಕೆಲಸ, ಇಂಥ ವರ್ಷದಿಂದ ಅಂತ ಡಾಕ್ಟರು ಕೇಳದಿದ್ದರೂ ನೀನೇ ಹೇಳಿ ಚೀಟಿಯಲ್ಲಿ ಬರೆಸು. ಎಕ್ಸ್‌ರೇ ಚೆನ್ನಾಗಿದ್ದರೂ ಎಸೀಬೇಡ, ಮುಂದಿನದಕ್ಕೆ ಹೋಲಿಸೋಕೆ ಬೇಕು.

ನೀರಿದ್ದರೂ ಮಾಸ್ಕ್ ಬೇಕು. ಟವೆಲು ಸುತ್ತಿದರೆ ಆ ಸಣ್ಣ ಧೂಳು ನಿಲ್ಲಲ್ಲ. ಎನ್95, ತಲೆ ಹಿಂದೆ ಎರಡು ಪಟ್ಟಿ ಇರೋದು, ಮೂಗಿನ ಮೇಲೆ ಒತ್ತಿ ಕೂರಿಸಬೇಕು. ಗಡ್ಡ ಇದ್ದರೆ ಸಂದಿಯಿಂದ ನುಗ್ಗುತ್ತೆ, ತೆಗೆಸು. ನೆಲದ ಕೆಸರು ಒಣಗೋ ಮೊದಲೇ ತೊಳೀಲಿ, ಒಣಗಿದ್ದನ್ನು ಗುಡಿಸಬಾರದು. ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಊದಿಸ್ಕೊಳ್ಳಬಾರದು. ಬಟ್ಟೆ ಅಲ್ಲೇ ಬದಲಿಸಿ ಬರಲಿ, ಮನೇಲಿ ಮಗು ಇದೆ. ಅಂಗಡಿಯಲ್ಲಿ ಹತ್ತು ಜನ ಇದ್ದು ಸಂಬಳ 21,000 ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಕಾರ್ಡ್ ಕೊಡಲೇಬೇಕು, ಈ ವಾರವೇ ಕೇಳಲಿ. ಸಂಬಳ ಬ್ಯಾಂಕಿಗೇ ಹಾಕಿಸ್ಕೊಳ್ಳಲಿ, ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಇರುತ್ತೆ.