ಅಪಘಾತ ಪರಿಹಾರ ಕೈಗೆ ಬರಲು ಎಷ್ಟು ಕಾಲ ಬೇಕು?

ಪ್ರಶ್ನೆ (ಬಾಗಲಕೋಟೆ): ವಕೀಲ ಸಾಹೇಬರಿಗೆ ನಮಸ್ಕಾರ. ಮೂರು ತಿಂಗಳ ಹಿಂದೆ ಕೊಲ್ಹಾರದ ಹತ್ತಿರ ನನ್ನ ತಮ್ಮನ ಬೈಕಿಗೆ ಕಾರೊಂದು ಡಿಕ್ಕಿ ಹೊಡೆದು, ಅವನ ತೊಡೆಯ ಎಲುಬು ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಅದನ್ನು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಂತೆ. ಈಗಲೇ ರಾಜಿಯಾದರೆ ಹಣ ಬೇಗ ಬರುತ್ತದೆ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ ಎಂದು ವಿಮಾ ಕಂಪನಿಯ ಕಡೆಯವರು ಹೇಳುತ್ತಿದ್ದಾರೆ. ನಿಜವಾಗಿ ಎಷ್ಟು ಕಾಲ ಬೇಕು?

ಉತ್ತರ: ನಮಸ್ಕಾರ. ಅರ್ಜಿ ಹಾಕುವುದರಲ್ಲಿ ಆತುರವಿರಲಿ, ರಾಜಿಯಾಗುವುದರಲ್ಲಿ ಬೇಡ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು; ಅದರಲ್ಲಿ ಅರ್ಧ ನಿಮಗೆ ಈಗಾಗಲೇ ಕಳೆದಿದೆ. ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಕೊಡಬೇಕೆಂದು ನಿಯಮವಿದ್ದರೂ, ಅದನ್ನೇ ನಂಬಿ ಸುಮ್ಮನಿರಬೇಡಿ. ಎಫ್‌ಐಆರ್, ದೋಷಾರೋಪ ಪಟ್ಟಿ, ಸ್ಥಳ ಪಂಚನಾಮೆ, ಗಾಯದ ಪ್ರಮಾಣಪತ್ರ ಹಾಗೂ ಮೋಟಾರು ವಾಹನ ನಿರೀಕ್ಷಕರ ವರದಿಯ ನಕಲುಗಳನ್ನು ನೀವೇ ಠಾಣೆಯಿಂದ ಪಡೆದುಕೊಳ್ಳಿ. ಆಸ್ಪತ್ರೆಯ ಮೂಲ ಬಿಲ್ಲುಗಳನ್ನು ಯಾರ ಕೈಗೂ ಕೊಡಬೇಡಿ.

ವಿವಾದವಿರುವ ಪ್ರಕರಣ ಸಾಮಾನ್ಯವಾಗಿ ವರ್ಷ ದಾಟುತ್ತದೆ ಎಂಬುದು ನಿಜ. ಆದರೆ ಗಾಯಾಳುವಿನ ಪ್ರಕರಣದಲ್ಲಿ ಆ ಕಾಲದ ದೊಡ್ಡ ಪಾಲು ನ್ಯಾಯಾಲಯದ್ದಲ್ಲ, ಎಲುಬಿನದು. ಪರಿಹಾರದ ಮೊತ್ತ ನಿಂತಿರುವುದು ಶಾಶ್ವತ ಅಂಗವೈಕಲ್ಯ ಎಷ್ಟು, ಅದರಿಂದ ದುಡಿಮೆಗೆ ಎಷ್ಟು ಕುಂದು ಬಂತು ಎಂಬುದರ ಮೇಲೆ. ಚಿಕಿತ್ಸೆ ಮುಗಿದು ಕಾಲು ಒಂದು ಸ್ಥಿತಿಗೆ ಬರುವ ಮುನ್ನ ಯಾವ ವೈದ್ಯರೂ ಅದನ್ನು ಖಚಿತವಾಗಿ ಹೇಳಲಾರರು. ನಿಮ್ಮ ತಮ್ಮನಿಗೆ 38 ವರ್ಷವಾಗಿದ್ದರೆ, ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಕೋಷ್ಟಕದಂತೆ ವಾರ್ಷಿಕ ಆದಾಯದ ನಷ್ಟವನ್ನು 15ರಿಂದ ಗುಣಿಸುತ್ತಾರೆ. ಹಾಗಾಗಿ ಇಂದಿನ ಅವಸರದ ರಾಜಿಯಲ್ಲಿ ಅಂಗವೈಕಲ್ಯವನ್ನು ಸ್ವಲ್ಪ ಕಡಿಮೆ ಹಿಡಿದರೂ ಆ ಕೊರತೆ ಹದಿನೈದು ಪಟ್ಟಾಗುತ್ತದೆ. ಅರ್ಜಿಯ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇರುವುದರಿಂದ, ಕಾದ ಕಾಲವೆಲ್ಲ ವ್ಯರ್ಥವಲ್ಲ.

ರಾಜಿಯೇ ಬೇಡ ಎನ್ನುವವನು ನಾನಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬಂದ ಮೇಲೆ ಲೋಕ ಅದಾಲತ್ತಿನಲ್ಲಿ ಮಾತಾಡಿ ಮುಗಿಸುವುದು ಒಳ್ಳೆಯ ದಾರಿ. ಅಲ್ಲಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ ಎಂಬುದು ಸಹಿ ಮಾಡುವಾಗ ನೆನಪಿರಲಿ.

ಮರುಪ್ರಶ್ನೆ: ಅರ್ಜಿಯನ್ನು ವಿಜಯಪುರದಲ್ಲೇ ಹಾಕಬೇಕೇ? ತೀರ್ಪಿನ ನಂತರ ಹಣ ಯಾವಾಗ ಬರುತ್ತದೆ?

ಉತ್ತರ: ಬೇಕಾಗಿಲ್ಲ. ಅಪಘಾತವಾದ ಸ್ಥಳ ವಿಜಯಪುರ ಜಿಲ್ಲೆಯಲ್ಲಿದ್ದರೂ, ಗಾಯಾಳು ವಾಸಿಸುವ ಬಾಗಲಕೋಟೆಯಲ್ಲಿ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಬಾಗಲಕೋಟೆಯ ತೀರ್ಪಿನ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ, ವಿಜಯಪುರದ್ದು ಕಲಬುರಗಿ ಪೀಠಕ್ಕೆ. ಮುರಿದ ಕಾಲಿನವರಿಗೆ ಈ ದೂರವೂ ಲೆಕ್ಕಕ್ಕೆ ಬರುತ್ತದೆ. ತೀರ್ಪು ಬಂದ 30 ದಿನಗಳೊಳಗೆ ಕಂಪನಿ ಹಣ ಠೇವಣಿ ಇಡಬೇಕು. ಮೇಲ್ಮನವಿಗೆ 90 ದಿನಗಳ ಅವಕಾಶವಿದೆಯಾದರೂ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ತಡೆಯಾಜ್ಞೆ ಸಿಕ್ಕಂತೆ ಆಗುವುದಿಲ್ಲ. ತಡೆಯಾಜ್ಞೆಯೂ ಇಲ್ಲದೆ ಹಣವನ್ನೂ ಕಟ್ಟದಿದ್ದರೆ, ಅದೇ ನ್ಯಾಯಮಂಡಳಿಯಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿ ಹಣ ವಸೂಲಿ ಮಾಡಿಕೊಡಿ ಎಂಬ ಅರ್ಜಿ, ಹಾಕಿ.